ಫ್ಯಾಂಟಸಿ ಲೋಕದಲ್ಲಿ ಸತ್ತವರನ್ನು ಕೆಲಸಕ್ಕೆ ಹಚ್ಚುವ ಮುನ್ನ: ಕಥೆಗಾರರಿಗೆ, ಆಟ ನಡೆಸುವವರಿಗೆ ಒಂದು ಮಾರ್ಗದರ್ಶಿ

ಫ್ಯಾಂಟಸಿ ಕಥೆ ಬರೆಯುವವರಿಗೆ, ಗೆಳೆಯರ ಜೊತೆ ಮೇಜಿನ ಸುತ್ತ ಕೂತು ಪಾತ್ರ ಹಾಕುವ ಆಟ ನಡೆಸುವವರಿಗೆ ಈ ಪ್ರಶ್ನೆ ಇವತ್ತಲ್ಲ ನಾಳೆ ಎದುರಾಗುತ್ತದೆ. ಮಾಂತ್ರಿಕ ಹೆಣ ಎಬ್ಬಿಸಬಲ್ಲ ಅಂದಮೇಲೆ ಅದನ್ನು ಯುದ್ಧಕ್ಕೆ ಮಾತ್ರ ಯಾಕೆ ಬಳಸಬೇಕು? ಹೊಲ ಉಳಲು ಹಚ್ಚಬಹುದಲ್ಲ? ಕೆರೆಯ ಹೂಳು ಎತ್ತಿಸಬಹುದಲ್ಲ? ಅವಕ್ಕೆ ಊಟ ಬೇಡ, ನಿದ್ದೆ ಬೇಡ, ಕೂಲಿಯೂ ಬೇಡ.

ಪ್ರಶ್ನೆ ಒಳ್ಳೆಯದೇ. ಆದರೆ ಬಹಳ ಜನ ಅದನ್ನು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. "ಛೇ, ಅದು ಪಾಪ" ಅನ್ನುವವರು ಒಂದು ಕಡೆ. "ಸತ್ತವರಿಗೆ ನೋವಾಗಲ್ಲವಲ್ಲ, ಏನು ತಪ್ಪು?" ಅನ್ನುವವರು ಇನ್ನೊಂದು ಕಡೆ. ಎರಡೂ ಅವಸರದ ಉತ್ತರ. ಕೂತು ಯೋಚಿಸಿದರೆ ಈ ಒಂದೇ ಪ್ರಶ್ನೆಯಿಂದ ಇಡೀ ಲೋಕ ಬೆಳೆಯುತ್ತದೆ. ಅಲ್ಲಿನ ಕಾನೂನು, ಶ್ರಾದ್ಧ, ಸಾಲ, ಕೂಲಿ, ದಂಗೆ, ಎಲ್ಲವೂ ಅದರೊಳಗಿವೆ.

ಉದಾಹರಣೆಗೆ ಒಂದು ಊರು ಇಟ್ಟುಕೊಳ್ಳೋಣ. ಊರ ಮುಂದೆ ಹೂಳು ತುಂಬಿದ ಕೆರೆ. ಊರಿನ ಗೌಡರು ದುಡ್ಡು ಕೊಟ್ಟು ಮಾಂತ್ರಿಕನೊಬ್ಬನನ್ನು ಕರೆಸಿದ್ದಾರೆ. ಮಳೆಗಾಲದ ಒಳಗೆ ಕೆಲಸ ಆಗಬೇಕು.

1. ಒಳಗೆ ಯಾರಾದರೂ ಇದ್ದಾರಾ, ಮೊದಲು ಅದನ್ನು ತೀರ್ಮಾನಿಸಿ

ಉಳಿದೆಲ್ಲವೂ ಇದರ ಮೇಲೆ ನಿಂತಿದೆ. ಇದನ್ನು ತೀರ್ಮಾನಿಸದೆ ಮುಂದೆ ಹೋಗಬೇಡಿ.

ಮೂರು ದಾರಿಗಳಿವೆ. ಒಂದು, ಎದ್ದು ನಿಂತದ್ದು ಬರೀ ಮೂಳೆ. ಜೀವ ಹೋಗಿದೆ, ಆತ್ಮ ಬೇರೆಲ್ಲೋ ನೆಮ್ಮದಿಯಾಗಿದೆ, ಮಂತ್ರ ಮಾತ್ರ ಮೂಳೆಯನ್ನು ಆಡಿಸುತ್ತಿದೆ. ಎರಡು, ಆತ್ಮವನ್ನೇ ಹಿಡಿದು ತಂದು ಮೂಳೆಯೊಳಗೆ ಕಟ್ಟಿಹಾಕಿದ್ದಾರೆ. ಮೂರನೆಯದು ಇವೆರಡರ ನಡುವಿನದು. ಪೂರ್ತಿ ಮನುಷ್ಯ ಇಲ್ಲ, ಪೂರ್ತಿ ಖಾಲಿಯೂ ಅಲ್ಲ. ಏನೋ ಒಂದಿಷ್ಟು ಉಳಿದಿದೆ.

ಕಥೆಗೆ ಹೆಚ್ಚು ಸತ್ವ ಇರುವುದು ಮೂರನೆಯದರಲ್ಲಿ. ಅದಕ್ಕೆ ಒಳ್ಳೆಯ ಸಾಕ್ಷಿ ಬೇಕಾದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರ ಹಾಕುವ ಆಟದ ಐದನೇ ಆವೃತ್ತಿ ನೋಡಿ. 2014ರ ನಿಯಮಗಳಲ್ಲಿ ಎದ್ದ ಅಸ್ಥಿಪಂಜರದ ಬುದ್ಧಿಯ ಅಂಕ 6. ಸಾಧಾರಣ ಮನುಷ್ಯನದು 10. ಬದುಕಿದ್ದಾಗ ಗೊತ್ತಿದ್ದ ಭಾಷೆಗಳೆಲ್ಲ ಅದಕ್ಕೆ ಅರ್ಥವಾಗುತ್ತವೆ. ಮಾತಾಡಲು ಮಾತ್ರ ಆಗುವುದಿಲ್ಲ.

ಈ ನಿಯಮವನ್ನು ಬಹಳ ಜನ ಓದಿ ಮುಂದೆ ಹೋಗಿಬಿಡುತ್ತಾರೆ. ಸ್ವಲ್ಪ ನಿಂತು ನೋಡಿ. ಕೆರೆ ಅಂಗಳದಲ್ಲಿ ಮಣ್ಣು ಹೊರುತ್ತಿರುವ ಆ ಮೂಳೆಗೆ ತನ್ನ ಮನೆಮಾತು ಇನ್ನೂ ತಿಳಿಯುತ್ತದೆ. ದಂಡೆ ಮೇಲೆ ನಿಂತವರು ಅದರ ಬಗ್ಗೆ ಏನು ಆಡಿಕೊಳ್ಳುತ್ತಿದ್ದಾರೆ ಅಂತಲೂ ತಿಳಿಯುತ್ತದೆ. ಇದೇ ಆಟದ 2014ರ ನಿಯಮ ಪುಸ್ತಕ ಹೆಣ ಎಬ್ಬಿಸುವುದು ಒಳ್ಳೆಯ ಕೆಲಸವಲ್ಲ ಅಂತಲೂ ಹೇಳುತ್ತದೆ. ಯಾಕೆ ಅನ್ನುವುದನ್ನು ಅಲ್ಲಿ ಬಿಡಿಸಿ ಹೇಳಿಲ್ಲ. ಆ ಕಾರಣ ಹುಡುಕುವುದು ನಿಮ್ಮ ಕೆಲಸ.

ಇನ್ನೊಂದು ಮಾತು. ನಿಮಗೆ ಉತ್ತರ ಗೊತ್ತಿರಲಿ, ಆದರೆ ಊರಿನವರಿಗೆ ಗೊತ್ತಿರಬೇಕಾಗಿಲ್ಲ. "ಒಳಗೆ ಯಾರೂ ಇಲ್ಲ" ಅಂತ ಹೇಳುವವರು ಯಾರು, ಹಾಗೆ ಹೇಳುವುದರಿಂದ ಅವರಿಗೇನು ಲಾಭ ಅಂತ ಬರೆದಿಟ್ಟುಕೊಳ್ಳಿ. ಮಾಂತ್ರಿಕ ಹಾಗೆ ಹೇಳಿದರೆ ಅದು ಅವನ ಹೊಟ್ಟೆಪಾಡಿನ ಮಾತು. ಗೌಡರು ಹೇಳಿದರೆ ಅದು ಕೆರೆಯ ಮಾತು. ಸತ್ತವರ ಮಗಳು ಹೇಳಿದರೆ ಅದರ ತೂಕವೇ ಬೇರೆ.

2. ಲೆಕ್ಕ ಹಾಕಿ

ಸತ್ತವರ ದುಡಿಮೆ ಅಗ್ಗ ಅಂತ ಎಲ್ಲರೂ ಮೊದಲೇ ನಂಬಿಬಿಡುತ್ತಾರೆ. ನಿಜವಾಗಿ ಅಗ್ಗವಾ? ಅದೇ ಆಟದ, ಅದೇ 2014ರ ನಿಯಮ ಹಿಡಿದು ಲೆಕ್ಕ ಮಾಡೋಣ.

ಹೆಣ ಎಬ್ಬಿಸುವ ಮಂತ್ರದ ಹೆಸರು ಅನಿಮೇಟ್ ಡೆಡ್. ಮೂರನೇ ಮಟ್ಟದ ಮಂತ್ರ (ಮಟ್ಟ ಏರಿದಷ್ಟೂ ಮಂತ್ರ ದೊಡ್ಡದು, ಹಂತ ಏರಿದಷ್ಟೂ ಮಾಂತ್ರಿಕ ಪಳಗಿದವನು). ಐದನೇ ಹಂತದ ಮಾಂತ್ರಿಕನಿಗೆ ಇಂಥ ಮಂತ್ರ ದಿನಕ್ಕೆ ಎರಡು ಸಲ ಹಾಕಲು ಬರುತ್ತದೆ. ನಡುವೆ ಸ್ವಲ್ಪ ಸುಧಾರಿಸಿಕೊಂಡರೆ ಇನ್ನೊಂದು ಸಲ. ಒಟ್ಟು ಮೂರು. ಒಂದು ಸಲ ಹಾಕಿದರೆ ಒಂದು ಹೆಣ ಏಳುತ್ತದೆ, ಅಥವಾ ಮೊದಲೇ ಎದ್ದಿರುವ ನಾಲ್ಕರ ಮೇಲಿನ ಹಿಡಿತ ಇನ್ನೊಂದು ದಿನಕ್ಕೆ ಮುಂದುವರಿಯುತ್ತದೆ. ಹಿಡಿತ ಇರುವುದು 24 ಗಂಟೆ ಮಾತ್ರ.

ಮೂರು ನಾಲ್ಕಲೆ ಹನ್ನೆರಡು ಅಂತ ಕಾಗದದ ಮೇಲೆ ಕಾಣುತ್ತದೆ. ಆದರೆ ಒಬ್ಬನೇ ಕೂತು ಹನ್ನೆರಡು ಎಬ್ಬಿಸಲು ಆಗುವುದಿಲ್ಲ. ಮೊದಲ ದಿನ 3. ಎರಡನೇ ದಿನ ಒಂದು ಮಂತ್ರ ಆ ಮೂರನ್ನು ಹಿಡಿದಿಡಲು ಹೋಯಿತು, ಉಳಿದ ಎರಡರಿಂದ ಇನ್ನೆರಡು ಎದ್ದವು, ಒಟ್ಟು 5. ಮೂರನೇ ದಿನದಿಂದ ಎರಡು ಮಂತ್ರ ಹಿಡಿತಕ್ಕೇ ಬೇಕು, ದಿನಕ್ಕೆ ಒಂದೇ ಹೊಸದು. 6, 7, 8, ಆರನೇ ದಿನಕ್ಕೆ 9. ಏಳನೇ ದಿನ ಒಂಬತ್ತನ್ನು ಹಿಡಿದಿಡಲು ಮೂರೂ ಮಂತ್ರ ಬೇಕಾಗುತ್ತವೆ. ಅಲ್ಲಿಗೆ ನಿಂತಿತು.

ಈ ಒಂಬತ್ತಕ್ಕೆ ಆಯಾಸ ಅನ್ನುವುದಿಲ್ಲ, ಕತ್ತಲಲ್ಲೂ ಕಾಣುತ್ತದೆ. ಎಂಟು ಗಂಟೆಯ ಪಾಳಿ ಅಂತ ಹಿಡಿದರೆ ಮೂರು ಪಾಳಿಯೂ ದುಡಿಯುತ್ತವೆ. ಅಂದರೆ ದಿನಕ್ಕೆ 27 ಆಳಿನ ಕೆಲಸ. ಶಕ್ತಿಯಲ್ಲಿ ಅವು ಸಾಧಾರಣ ಮನುಷ್ಯನಷ್ಟೇ, ಜಾಸ್ತಿ ಏನಿಲ್ಲ. ಆ ಆಟದಲ್ಲಿ ಕಸುಬು ಗೊತ್ತಿಲ್ಲದ ಕೂಲಿಯಾಳಿನ ದಿನಗೂಲಿ 2 ಬೆಳ್ಳಿ ನಾಣ್ಯ. 27 ಆಳಿಗೆ 54 ಬೆಳ್ಳಿ, ಅಂದರೆ ಐದೂವರೆ ಚಿನ್ನದ ನಾಣ್ಯಕ್ಕೂ ಸ್ವಲ್ಪ ಕಡಿಮೆ. ಗೌಡರಿಗೆ ದಿನಕ್ಕೆ ಉಳಿಯುವುದು ಇಷ್ಟು.

ಈಗ ಮಾಂತ್ರಿಕನ ಕಡೆ ಬನ್ನಿ. ಅದೇ ಪುಸ್ತಕದ ಪ್ರಕಾರ ಒಂದನೇ, ಎರಡನೇ ಮಟ್ಟದ ಸಣ್ಣ ಮಂತ್ರ ಹಾಕಿಸಿಕೊಳ್ಳಲು ಜನ 10ರಿಂದ 50 ಚಿನ್ನದ ನಾಣ್ಯ ಕೊಡಬೇಕಾಗಬಹುದು. ಪೇಟೆಯಲ್ಲಿ ಒಂದು ಸಣ್ಣ ಮಂತ್ರ ಮಾರಿದರೂ ಅವನಿಗೆ ಒಂಬತ್ತು ಹೆಣ ಹಗಲೂ ರಾತ್ರಿ ದುಡಿದದ್ದಕ್ಕಿಂತ ಹೆಚ್ಚು ಸಿಗುತ್ತದೆ. ಇಲ್ಲಿ ಅವನು ದಿನಕ್ಕೆ ಮೂರು ದೊಡ್ಡ ಮಂತ್ರ ಸುರಿಯುತ್ತಿದ್ದಾನೆ. ಗೌಡರು ಅವನಿಗೆ ನ್ಯಾಯವಾದ ಸಂಭಾವನೆ ಕೊಟ್ಟರೆ ಊರಿನ 27 ಜನಕ್ಕೆ ಕೂಲಿ ಕೊಟ್ಟು ಕೆಲಸ ಮಾಡಿಸುವುದೇ ಎಷ್ಟೋ ಅಗ್ಗ.

ಸಾಲದ್ದಕ್ಕೆ ಅಪಾಯ ಬೇರೆ. ಮಾಂತ್ರಿಕನಿಗೆ ಒಂದು ದಿನ ಜ್ವರ ಬಂದು ಮಲಗಿದ ಅಂದುಕೊಳ್ಳಿ. 24 ಗಂಟೆ ದಾಟಿತು. ಅಸ್ಥಿಪಂಜರಗಳು ಕುಸಿದು ಬೀಳುವುದಿಲ್ಲ. ಹಿಡಿತ ತಪ್ಪುತ್ತದೆ ಅಷ್ಟೇ. ಹಾರೆ, ಗುದ್ದಲಿ ಹಿಡಿದ ಒಂಬತ್ತು ಜನ ಊರ ಮುಂದೆ ನಿಂತಿದ್ದಾರೆ, ಹೇಳಿದ ಮಾತು ಕೇಳುವುದಿಲ್ಲ.

ನಿಮ್ಮ ಲೋಕದ ನಿಯಮ ಬೇರೆ ಇರಬಹುದು. ಪರವಾಗಿಲ್ಲ. ಆದರೆ ಈ ಥರದ ಲೆಕ್ಕ ಒಂದು ಹಾಳೆಯಲ್ಲಿ ಬರೆಯಲೇಬೇಕು. ಒಬ್ಬ ಎಷ್ಟನ್ನು ಎಬ್ಬಿಸಬಲ್ಲ, ಎಷ್ಟು ದಿನ ಹಿಡಿದಿಡಬಲ್ಲ, ಅವನು ಸತ್ತರೆ ಏನಾಗುತ್ತದೆ, ಆ ಹೊತ್ತಿನಲ್ಲಿ ಅವನು ಬೇರೆ ಏನು ಸಂಪಾದಿಸಬಹುದಿತ್ತು.

ಲೆಕ್ಕ ನಷ್ಟ ತೋರಿಸಿದರೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಕಥೆ ಶುರುವಾಗುವುದೇ ಅಲ್ಲಿ. ನಷ್ಟವಾದರೂ ಒಬ್ಬ ಯಜಮಾನ ಸತ್ತವರನ್ನೇ ದುಡಿಸುತ್ತಿದ್ದಾನೆ ಅಂದರೆ ಅವನಿಗೆ ಬೇಕಿರುವುದು ಅಗ್ಗದ ಕೂಲಿಯಲ್ಲ. ಆಗಲ್ಲ ಅನ್ನದ ಆಳು ಅವನಿಗೆ ಬೇಕು. ಕೆಲಸ ನಿಲ್ಲಿಸಿ ಕೂರದವರು, ಹಬ್ಬಕ್ಕೆ ರಜೆ ಕೇಳದವರು, ಕಂಡದ್ದನ್ನು ಸಂತೆಯಲ್ಲಿ ಹೇಳದವರು ಬೇಕು. ನನ್ನ ಮಟ್ಟಿಗೆ ಈ ವಿಷಯದ ತಿರುಳು ಇದೇ. ಸತ್ತವರನ್ನು ದುಡಿಸುವ ಲೋಕ ಕಟ್ಟುವಾಗಲೆಲ್ಲ, ಇಲ್ಲ ಅನ್ನುವ ಬಾಯಿಯನ್ನು ಯಾರು, ಯಾಕೆ ಮುಚ್ಚಿಸಿದರು ಅಂತ ಕೇಳಬೇಕು.

3. ಈ ಕಲ್ಪನೆ ಎಲ್ಲಿಂದ ಬಂತು ಅಂತ ತಿಳಿದುಕೊಂಡು ಬಳಸಿ

ದುಡಿಯುವ ಹೆಣ ಅನ್ನುವುದು ಯಾರೋ ಸುಮ್ನೆ ಕೂತು ಕಲ್ಪಿಸಿದ್ದಲ್ಲ. ಜೊಂಬಿ, ಅಂದರೆ ಮಂತ್ರದಿಂದ ಎದ್ದು ದುಡಿಯುವ ಹೆಣ, ಹುಟ್ಟಿದ್ದು ಕೆರಿಬಿಯನ್ ಸಮುದ್ರದ ಹೈಟಿಯಲ್ಲಿ, ಕಬ್ಬಿನ ಗದ್ದೆಯ ಪಕ್ಕ.

ಆಗ ಆ ನಾಡು ಫ್ರಾನ್ಸಿನ ವಸಾಹತು. ಹೆಸರು ಸೇಂಟ್ ಡೊಮಿಂಗ್. ಆಫ್ರಿಕಾದಿಂದ ಹಿಡಿದು ತಂದ ಗುಲಾಮರನ್ನು ಸಕ್ಕರೆ, ಕಾಫಿ ತೋಟಗಳಲ್ಲಿ ದುಡಿಸಿ ದುಡಿಸಿ ಸಾಯಿಸುತ್ತಿದ್ದರು. ಸತ್ತವರ ಜಾಗಕ್ಕೆ ಹೊಸಬರನ್ನು ಹಡಗಿನಲ್ಲಿ ತರುತ್ತಿದ್ದರು. ಸತ್ತರೆ ಆತ್ಮ ಆಫ್ರಿಕಾದ ತಾಯಿನೆಲಕ್ಕೆ ಮರಳುತ್ತದೆ ಅನ್ನುವುದು ಅವರಿಗಿದ್ದ ಸಮಾಧಾನ. ಜೊಂಬಿ ಅನ್ನುವುದು ಆ ಸಮಾಧಾನವನ್ನೂ ಕಿತ್ತುಕೊಳ್ಳುವ ಭಯ. ಸತ್ತ ಮೇಲೂ ಬಿಡುಗಡೆ ಇಲ್ಲ, ಯಾರೋ ಮಣ್ಣಿನಿಂದ ಎಬ್ಬಿಸಿ ಮತ್ತೆ ಅದೇ ಗದ್ದೆಗೆ ಇಳಿಸುತ್ತಾರೆ ಅನ್ನುವ ಭಯ. 1791ರಲ್ಲಿ ಗುಲಾಮರು ದಂಗೆ ಎದ್ದರು. 1804ರ ಜನವರಿ 1ರಂದು ಹೈಟಿ ಸ್ವತಂತ್ರವಾಯಿತು. ಭಯ ಮಾತ್ರ ಉಳಿಯಿತು. 1915ರಿಂದ 1934ರವರೆಗೆ ಅಮೆರಿಕದ ಸೇನೆ ಆ ದೇಶವನ್ನು ಆಕ್ರಮಿಸಿಕೊಂಡಿತ್ತು. ಆಗ ರಸ್ತೆ ಕಟ್ಟಲು ಹಳ್ಳಿಯವರನ್ನು ಬಲವಂತವಾಗಿ ಬಿಟ್ಟಿ ಕೆಲಸಕ್ಕೆ ಎಳೆದರು. ಜೊಂಬಿಯ ಕಥೆ ಹೊರಜಗತ್ತಿಗೆ ದೊಡ್ಡದಾಗಿ ಹರಡಿದ್ದು ಆ ವರ್ಷಗಳಲ್ಲೇ.

ಆಮೇಲಿನ ಸಿನಿಮಾಗಳಲ್ಲಿ ಜೊಂಬಿ ಮನುಷ್ಯರನ್ನು ತಿನ್ನುವ ಪ್ರಾಣಿಯಾಯಿತು. ಹೈಟಿಯ ಜನ ಜೊಂಬಿಗೆ ಹೆದರುತ್ತಿರಲಿಲ್ಲ. ತಾವೇ ಜೊಂಬಿ ಆಗಿಬಿಡುತ್ತೇವೇನೋ ಅಂತ ಹೆದರುತ್ತಿದ್ದರು. ನಿಮ್ಮ ಲೋಕದಲ್ಲೂ ಈ ಭಯ ಇರಬೇಕು. ಸಾಯುವ ಮುದುಕಿ ಮಗನ ಕೈ ಹಿಡಿದು "ನನ್ನನ್ನು ಸುಟ್ಟುಬಿಡಪ್ಪ, ಹೂಳಬೇಡ" ಅಂತ ಬೇಡಿಕೊಳ್ಳುವ ಊರು ಅದು.

ಹೈಟಿಯ ನಂಬಿಕೆಯಲ್ಲಿ ಇನ್ನೊಂದು ಅಮೂಲ್ಯ ವಿವರವಿದೆ. ಜೊಂಬಿಗೆ ಉಪ್ಪು ಹಾಕದ ಊಟವನ್ನೇ ಕೊಡಬೇಕು. ಅಪ್ಪಿತಪ್ಪಿ ಉಪ್ಪು ನಾಲಿಗೆಗೆ ಸೋಕಿದರೆ ತಾನು ಸತ್ತಿದ್ದೇನೆ ಅಂತ ಅದಕ್ಕೆ ನೆನಪಾಗುತ್ತದೆ. ಕೆಲಸ ಬಿಟ್ಟು ನೇರ ತನ್ನ ಗೋರಿಯ ಕಡೆ ನಡೆಯುತ್ತದೆ. ನಮ್ಮಲ್ಲಿ ಇದು ತಿರುಗುಮುರುಗು. ಉಪ್ಪು ತಿಂದವನು ಧಣಿಗೆ ಕಟ್ಟುಬಿದ್ದವನು. ಉಪ್ಪಿನ ಋಣ ತೀರಿಸದೆ ಹೋಗುವಂತಿಲ್ಲ. ಒಂದು ಕಡೆ ಕಟ್ಟಿಹಾಕುವ ಉಪ್ಪು ಇನ್ನೊಂದು ಕಡೆ ಬಿಡಿಸುತ್ತದೆ. ಕನ್ನಡದ ಕಥೆಗಾರರಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕಾ?

4. ಹೆಣ ಎಲ್ಲಿಂದ ಬಂತು?

ಸ್ಮಶಾನದಿಂದ ಅಂದರೆ ಸಾಲದು. ಮೊದಲು ಆ ಊರಿನವರು ಹೂಳುತ್ತಾರಾ, ಸುಡುತ್ತಾರಾ ಅಂತ ನೋಡಿ. ಎಲ್ಲರೂ ಸುಡುವ ನಾಡಿನಲ್ಲಿ ಅಸ್ಥಿಪಂಜರ ಸಿಗುವುದಿಲ್ಲ. ಕರ್ನಾಟಕದಲ್ಲೇ ಒಂದೊಂದು ಸಮುದಾಯದ್ದು ಒಂದೊಂದು ಪದ್ಧತಿ. ಲಿಂಗಾಯತರು ದೇಹವನ್ನು ಕೂರಿಸಿ ಹೂಳುತ್ತಾರೆ. ಅಕ್ಕಪಕ್ಕದ ಮನೆಯಲ್ಲೇ ಸುಡುವವರು ಇರುತ್ತಾರೆ. ನಿಮ್ಮ ಲೋಕದಲ್ಲಿ ಹೂಳುವವರು ಮಾತ್ರ ಸತ್ತ ಮೇಲೆ ದುಡಿಯಬೇಕಾಗಿ ಬಂದರೆ ಏನಾಗುತ್ತದೆ? ಸೌದೆಯ ಬೆಲೆ ಏರುತ್ತದೆ. ಸೌದೆ ಕೊಳ್ಳಲಾಗದವರ ಮೂಳೆ ಮಾತ್ರ ಮಾಂತ್ರಿಕನ ಕೈಗೆ ಸಿಗುತ್ತದೆ. ಸತ್ಯ ಹರಿಶ್ಚಂದ್ರ ಸುಡುಗಾಡು ಕಾಯುವಾಗ ತನ್ನ ಮಗನ ಹೆಣಕ್ಕೂ ಸುಂಕ ಕೇಳಿದ ಕಥೆ ನಮಗೆಲ್ಲ ಗೊತ್ತು. ಹೆಣಕ್ಕೆ ಸುಂಕ ಅನ್ನುವ ಆ ಒಂದು ಎಳೆ ಹಿಡಿದರೆ ಸಾಕು, ನಿಮ್ಮ ರಾಜ್ಯದ ಅರ್ಧ ಅರ್ಥವ್ಯವಸ್ಥೆ ಬರೆಯಬಹುದು.

ಚರಿತ್ರೆಯಲ್ಲೂ ಇದೇ ಆಗಿದೆ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಅಂಗರಚನಾ ಪಾಠಕ್ಕೆ ಹೆಣ ಸಾಲುತ್ತಿರಲಿಲ್ಲ. ಬರ್ಕ್ ಮತ್ತು ಹೇರ್ ಎಂಬಿಬ್ಬರು 1828ರ ಹೊತ್ತಿಗೆ 16 ಜನರನ್ನು ಕೊಂದು ಹೆಣ ಮಾರಿದರು. 1832ರಲ್ಲಿ ಬ್ರಿಟನ್ ಕಾನೂನು ತಂದಿತು. ಯಾರೂ ಕೇಳಿಕೊಂಡು ಬರದ ಹೆಣಗಳನ್ನು ವೈದ್ಯಶಾಲೆಗೆ ಕೊಡಬಹುದು ಅಂತಾಯಿತು. ಕೊಲೆ ನಿಂತಿತು, ಆದರೆ ಅಂಥ ಹೆಣಗಳು ಹೆಚ್ಚಾಗಿ ಬಂದದ್ದು ಬಡವರನ್ನು ಇಡುತ್ತಿದ್ದ ದುಡಿಮೆಮನೆಗಳಿಂದ. ನಮ್ಮ ದೇಶವೂ ಇದಕ್ಕೆ ಹೊರತಲ್ಲ. ಕಲ್ಕತ್ತ ಬಹಳ ಕಾಲ ಜಗತ್ತಿನ ವೈದ್ಯಕೀಯ ಕಾಲೇಜುಗಳಿಗೆ ಮನುಷ್ಯರ ಅಸ್ಥಿಪಂಜರ ಕಳಿಸುವ ದೊಡ್ಡ ಕೇಂದ್ರವಾಗಿತ್ತು. 1985ರಲ್ಲಿ ಭಾರತ ಸರ್ಕಾರ ಆ ರಫ್ತು ನಿಲ್ಲಿಸಿತು.

ಹಾಗಾಗಿ ಈ ಹಂತದಲ್ಲಿ ಮೂರು ಸಾಲು ಬರೆಯಿರಿ. ಕಾನೂನಿನ ಪ್ರಕಾರ ಹೆಣ ಯಾರ ಸ್ವತ್ತು? ಬೇಡಿಕೆ ಹೆಚ್ಚಾದರೆ ಯಾರು ಬೇಗ ಸಾಯುತ್ತಾರೆ? ಯಾರ ಹೆಣ ಯಾವತ್ತೂ ಕೆರೆಗೆ ಇಳಿಯುವುದಿಲ್ಲ? ಗೌಡರ ಅಪ್ಪನ ಮೂಳೆ ಆ ಒಂಬತ್ತರಲ್ಲಿ ಇದೆಯಾ ಅಂತ ಒಬ್ಬ ಹುಡುಗ ಪಂಚಾಯಿತಿಯಲ್ಲಿ ಎದ್ದು ಕೇಳಲಿ. ಇಡೀ ಕಥೆ ಅಲ್ಲೇ ತಿರುಗುತ್ತದೆ.

5. ಯಾವ ಕೆಲಸ ಆಗುತ್ತದೆ, ಯಾವುದು ಆಗುವುದಿಲ್ಲ

ಬದುಕಿರುವ ಮೂಳೆ ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುತ್ತಿರುತ್ತದೆ. ನಡೆದಾಗ, ಹೊತ್ತಾಗ ಕಣ್ಣಿಗೆ ಕಾಣದ ಸಣ್ಣ ಬಿರುಕು ಬೀಳುತ್ತಲೇ ಇರುತ್ತವೆ, ದೇಹ ಅವನ್ನು ಮುಚ್ಚುತ್ತಲೇ ಇರುತ್ತದೆ. ಸತ್ತ ಮೂಳೆಗೆ ಆ ಭಾಗ್ಯವಿಲ್ಲ. ಬಿರುಕು ಕೂಡುತ್ತಾ ಹೋಗುತ್ತದೆ. ಒಣಗಿದ ಮೂಳೆ ಬಾಗುವುದಿಲ್ಲ, ಮುರಿಯುತ್ತದೆ. ಮಣ್ಣು ಹೊರುವ ಅಸ್ಥಿಪಂಜರದಲ್ಲಿ ಮೊದಲು ಹೋಗುವುದು ಪಾದದ ಸಣ್ಣ ಮೂಳೆಗಳು, ಆಮೇಲೆ ಬೆನ್ನು. ಹುಳಿ ಮಣ್ಣು ಮೂಳೆಯನ್ನು ಕರಗಿಸುತ್ತದೆ. ಮಲೆನಾಡಿನಂಥ ಮಳೆ ಹೆಚ್ಚಿರುವ, ಹುಳಿ ಮಣ್ಣಿನ ಸೀಮೆಯಲ್ಲಿ ಅವುಗಳ ಆಯಸ್ಸು ಕಡಿಮೆ. ಬಯಲುಸೀಮೆಯಲ್ಲಿ ಹೆಚ್ಚು. ನಿಮ್ಮ ನಕ್ಷೆಯಲ್ಲಿ ಮಣ್ಣಿನ ಬಗೆ ಗುರುತು ಹಾಕಿದ್ದರೆ ಎಲ್ಲಿ ಸತ್ತವರ ದುಡಿಮೆ ನಡೆಯುತ್ತದೆ ಅಂತ ತಾನಾಗಿಯೇ ಗೊತ್ತಾಗುತ್ತದೆ.

ಮಾಂಸ ಇರುವ ಹೆಣಗಳ ವಿಷಯಕ್ಕೆ ಹೋಗಲೇಬೇಡಿ. ಕುಡಿಯುವ ನೀರಿನ ಕೆರೆಗೆ ಕೊಳೆತ ಹೆಣ ಇಳಿಸುವ ಊರು ವಾಂತಿಭೇದಿಯಲ್ಲಿ ಮುಗಿಯುತ್ತದೆ.

ಒಂದೇ ಥರ ಮತ್ತೆ ಮತ್ತೆ ಮಾಡುವ ಕೆಲಸ ಅವಕ್ಕೆ ಸರಿ. ಏತ ಎಳೆಯುವುದು, ಗಾಣ ತಿರುಗಿಸುವುದು, ತಿದಿ ಊದುವುದು, ಮಣ್ಣು ಸಾಗಿಸುವುದು. ನಾಟಿ ಮಾಡಲು ಬರುವುದಿಲ್ಲ. ಸಸಿ ಎಷ್ಟು ಆಳ ಒತ್ತಬೇಕು ಅಂತ ಬೆರಳಿಗೆ ಗೊತ್ತಾಗಬೇಕು, ಮೂಳೆಗೆ ಗೊತ್ತಾಗದು. ಕಳೆ ಕೀಳಲು ಬಿಟ್ಟರೆ ಪೈರನ್ನೂ ಕೀಳುತ್ತವೆ. ನಿಲ್ಲಿಸು ಅಂತ ಹೇಳುವವರೆಗೆ ನಿಲ್ಲಿಸುವುದಿಲ್ಲ. ನಮ್ಮ ಜಾನಪದ ಕಥೆಯ ಭೂತ ನೆನಪಿದೆಯಲ್ಲ? ಕೆಲಸ ಕೊಡು, ಕೊಡದಿದ್ದರೆ ನಿನ್ನನ್ನೇ ತಿನ್ನುತ್ತೇನೆ ಅನ್ನುತ್ತಿತ್ತು. ಕೊನೆಗೆ ನಾಯಿಬಾಲ ನೆಟ್ಟಗೆ ಮಾಡು ಅಂತ ಕೂರಿಸಿದ ಮೇಲೆ ಯಜಮಾನ ಉಸಿರು ಬಿಟ್ಟ. ದಣಿಯದ ಆಳಿಗೆ ಕೆಲಸ ಒದಗಿಸುತ್ತಾ ಹೋಗುವುದೇ ದೊಡ್ಡ ಕೆಲಸ ಅಂತ ಆ ಕಥೆ ಕಟ್ಟಿದವರಿಗೆ ಗೊತ್ತಿತ್ತು.

ಹಾಗಾಗಿ ಮೇಸ್ತ್ರಿಗಳು ಬೇಕು. ಹಳೆಯ ಈಜಿಪ್ಟಿನವರು ಸತ್ತವರ ಜೊತೆ ಗೋರಿಯಲ್ಲಿ ಸಣ್ಣ ಗೊಂಬೆಗಳನ್ನು ಇಡುತ್ತಿದ್ದರು. ಹೆಸರು ಶಬ್ತಿ. ಪರಲೋಕದಲ್ಲಿ ಹೊಲ ಉಳುವ, ಮರಳು ಹೊರುವ ಬಿಟ್ಟಿ ಕೆಲಸಕ್ಕೆ ಕರೆ ಬಂದರೆ ಸತ್ತವನ ಬದಲು ಗೊಂಬೆ "ಇಗೋ ಬಂದೆ" ಅನ್ನಬೇಕು. ಕೆಲವು ಕಾಲದಲ್ಲಿ ಒಂದು ಪೂರ್ತಿ ಜೊತೆ ಅಂದರೆ 401 ಗೊಂಬೆ. ವರ್ಷದ ಒಂದೊಂದು ದಿನಕ್ಕೆ ಒಂದರಂತೆ 365 ಆಳು, ಹತ್ತು ಆಳಿಗೊಬ್ಬನಂತೆ ಚಾಟಿ ಹಿಡಿದ 36 ಮೇಸ್ತ್ರಿ. ಮಣ್ಣಿನ ಗೊಂಬೆಗೂ ಮೇಸ್ತ್ರಿ ಬೇಕು ಅಂತ ಅವರು ಲೆಕ್ಕ ಹಾಕಿದ್ದರು. ನಿಮ್ಮ ಊರಿನಲ್ಲೂ ಒಂಬತ್ತು ಹೆಣಕ್ಕೆ ಹಗಲು ಒಬ್ಬ, ರಾತ್ರಿ ಒಬ್ಬ ಬದುಕಿರುವವನು ದಂಡೆ ಮೇಲೆ ನಿಂತಿರಬೇಕು. ಆ ರಾತ್ರಿ ಮೇಸ್ತ್ರಿ ನನ್ನ ಪ್ರಕಾರ ಇಡೀ ಕಥೆಯ ಮುಖ್ಯ ಪಾತ್ರ.

ಈಗ ಸತ್ತವರ ದುಡಿಮೆಯ ಪರವಾಗಿ ಇರುವ ದೊಡ್ಡ ವಾದ. ಅದನ್ನು ಪ್ರಾಮಾಣಿಕವಾಗಿ ಎದುರಿಸಿ. ಬದುಕಿರುವವರನ್ನು ಕೊಲ್ಲುವ ಕೆಲಸಗಳಿವೆ. ಕೋಲಾರದ ಚಿನ್ನದ ಗಣಿಯನ್ನೇ ನೋಡಿ. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ ಹೋಗಿತ್ತು. ಕೆಳಗೆ ಸುಡುವ ಬಿಸಿ. ಒತ್ತಡಕ್ಕೆ ಬಂಡೆ ಸಿಡಿಯುತ್ತಿತ್ತು. ಕಲ್ಲಿನ ಧೂಳು ಶ್ವಾಸಕೋಶ ತಿನ್ನುತ್ತಿತ್ತು. 2001ರಲ್ಲಿ ಮುಚ್ಚುವವರೆಗೂ ಜನ ಅಲ್ಲಿಗೆ ಇಳಿದರು, ಹೆಚ್ಚಿನವರು ತಮಿಳು ಮಾತಾಡುವ ದಲಿತ ಕುಟುಂಬಗಳವರು. ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸುವುದರ ವಿರುದ್ಧ 2013ರ ಕಾನೂನು ಇದ್ದರೂ ಇವತ್ತಿಗೂ ಅಲ್ಲಿ ಸಾಯುವವರಿದ್ದಾರೆ. ಅಂಥ ಜಾಗಕ್ಕೆ ಉಸಿರಾಡದ ಮೂಳೆಯನ್ನು ಇಳಿಸಿದರೆ ಒಬ್ಬ ತಂದೆ ಸಂಜೆ ಮನೆಗೆ ಬರುತ್ತಾನೆ. ನಿಮ್ಮ ಕಥೆಯಲ್ಲಿ ಯಾರಾದರೂ ಈ ಮಾತನ್ನು ಎದೆ ತುಂಬಿ ಹೇಳಬೇಕು, ಅವರು ಕೆಟ್ಟವರಾಗಿರಬಾರದು. ಅದಕ್ಕೆ ಎದುರು ಮಾತು ಹೇಳುವವರೂ ಇರಲಿ. ಬದುಕಿದ್ದಾಗ ಆ ಗುಂಡಿಗೆ ಯಾರನ್ನು ಇಳಿಸುತ್ತಿದ್ದರೋ ಸತ್ತ ಮೇಲೂ ಅವರನ್ನೇ ಇಳಿಸುತ್ತೀರಲ್ಲ, ಇಷ್ಟು ಮಂತ್ರ ಬಲ್ಲವರು ಆ ಕೆಲಸ ಮಾಡುವ ಒಂದು ಯಂತ್ರ ಯಾಕೆ ಮಾಡಲಿಲ್ಲ ಅಂತ ಅವರು ಕೇಳಲಿ.

6. ಒಪ್ಪಿಗೆ ಪತ್ರ ಬರೆಸಿಕೊಂಡರೆ ಸರಿಹೋಗುತ್ತದಾ?

ಜಾಣ ಆಟಗಾರರು ಬೇಗ ಬರುವುದು ಇಲ್ಲಿಗೆ. ದೇಹದಾನದ ಥರ ಬದುಕಿದ್ದಾಗಲೇ ಬರೆದುಕೊಟ್ಟರೆ ಆಯಿತಲ್ಲ? ಸತ್ತ ಮೇಲೆ ಐದು ವರ್ಷ ದುಡಿಯುತ್ತೇನೆ, ಹಣ ಹೆಂಡತಿ ಮಕ್ಕಳಿಗೆ ಕೊಡಿ.

ಒಳ್ಳೆಯ ದಾರಿ. ಆದರೆ ಜೀತದ ಚರಿತ್ರೆ ಗೊತ್ತಿರುವ ನಾವು ಇದನ್ನು ಹಾಗೇ ಬಿಡಬಾರದು. ಅಪ್ಪ ಮಾಡಿದ ಸಾಲಕ್ಕೆ ಮಗ ಧಣಿಯ ಮನೆಯಲ್ಲಿ ದುಡಿಯುವುದು, ಅವನ ಮಗನೂ ದುಡಿಯುವುದು ನಮ್ಮ ನೆಲದಲ್ಲೇ ನಡೆದದ್ದು. 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆ ಹೀಗೆ ಹಿರಿಯರಿಂದ ಬಂದ ಹೊಣೆಗಾಗಿ ದುಡಿಯುವುದನ್ನೂ ಜೀತ ಅಂತಲೇ ಹೇಳಿತು. ನಿಮ್ಮ ಲೋಕದಲ್ಲಿ ಸಾಲ ಕೆಳಗೆ ಮಗನಿಗೆ ಇಳಿಯುವ ಬದಲು ಗೋರಿಯೊಳಗೆ ಹಿಂಬಾಲಿಸಿಕೊಂಡು ಹೋಗುತ್ತದೆ ಅಷ್ಟೇ.

1982ರಲ್ಲಿ ಸುಪ್ರೀಂ ಕೋರ್ಟ್ ಏಷ್ಯನ್ ಗೇಮ್ಸ್ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಒಂದು ದೊಡ್ಡ ಮಾತು ಹೇಳಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ಒಬ್ಬ ದುಡಿಯುತ್ತಿದ್ದರೆ ಅದು ಸಂವಿಧಾನದ 23ನೇ ವಿಧಿ ತಡೆದಿರುವ ಬಲವಂತದ ದುಡಿಮೆಯೇ. ಹಸಿವು, ಬಡತನದ ಒತ್ತಾಯವೂ ಒತ್ತಾಯವೇ. ಈ ತೀರ್ಪನ್ನು ನಿಮ್ಮ ಊರಿನ ಒಪ್ಪಿಗೆ ಪತ್ರದ ಪಕ್ಕ ಇಟ್ಟು ನೋಡಿ. ಬರಗಾಲದ ವರ್ಷ ಎರಡು ಚೀಲ ರಾಗಿಗೆ ಹೆಬ್ಬೆಟ್ಟು ಒತ್ತಿದವನದು ಒಪ್ಪಿಗೆಯಾ?

ಪತ್ರ ಬರೆಸಿಕೊಳ್ಳುವ ಸಮಾಜವನ್ನೇ ಕಟ್ಟುತ್ತೀರಾದರೆ ಈ ಷರತ್ತುಗಳನ್ನು ಇಟ್ಟು ನೋಡಿ. ಸಾಲ ಇರುವವನು ಸಹಿ ಹಾಕುವಂತಿಲ್ಲ. ಅವಧಿ ಮುಗಿದ ಮೇಲೆ ಮೂಳೆಯನ್ನು ಸುಡಲೇಬೇಕು. ಬದುಕಿರುವ ಆಳಿನಷ್ಟೇ ಕೂಲಿ ಮನೆಯವರಿಗೆ ಸೇರಬೇಕು. ಸಾಯುವ ಕ್ಷಣದವರೆಗೂ ಮಾತು ಹಿಂದಕ್ಕೆ ತೆಗೆದುಕೊಳ್ಳಬಹುದು. ಸತ್ತ ಮೇಲೆ ಮನಸ್ಸು ಬದಲಾದರೆ? ಮಾತಾಡಲು ಬಾರದವರು ಅದನ್ನು ಹೇಗೆ ತಿಳಿಸಬೇಕು? ಇದಕ್ಕೆ ಉತ್ತರ ಕೊಡದ ಪತ್ರ ಎಷ್ಟು ನ್ಯಾಯವಾಗಿ ಬರೆದಿದ್ದರೂ ಅರ್ಧವೇ.

7. ಬದುಕಿರುವ ಆಳುಗಳು ಎಲ್ಲಿ ಹೋದರು?

ಕೆರೆ ಕೆಲಸ ಆ 27 ಜನರ ಬೇಸಿಗೆಯ ಅನ್ನವಾಗಿತ್ತು. ಚರಿತ್ರೆಯಲ್ಲೂ ಹೀಗೆ ಆಗಿದೆ. ಹಳೆಯ ರೋಮಿನಲ್ಲಿ ಶ್ರೀಮಂತರ ದೊಡ್ಡ ಜಮೀನುಗಳಿಗೆ ಯುದ್ಧದಲ್ಲಿ ಸೆರೆಸಿಕ್ಕ ಗುಲಾಮರು ತುಂಬಿಕೊಂಡಂತೆ ಸಣ್ಣ ರೈತರು ನೆಲ ಬಿಟ್ಟು ಪಟ್ಟಣ ಸೇರಿದರು. ಭೂಮಿ ಹಂಚಬೇಕು ಅಂತ ಹೊರಟ ಜನನಾಯಕ ಟೈಬೀರಿಯಸ್ ಗ್ರಾಕಸ್‌ನನ್ನು ಕ್ರಿ.ಪೂ. 133ರಲ್ಲಿ ಹೊಡೆದು ಕೊಂದರು. ಪಾತ್‌ಫೈಂಡರ್ ಎಂಬ ಇನ್ನೊಂದು ಪಾತ್ರ ಹಾಕುವ ಆಟದ ಲೋಕದಲ್ಲಿ ಗೆಬ್ ಅಂತ ಒಂದು ದೇಶವಿದೆ. ಅಲ್ಲಿ ಹೊಲ ಉಳುವವರು ಎದ್ದ ಹೆಣಗಳೇ. ಅವು ಕಾಳು ತಿನ್ನುವುದಿಲ್ಲವಲ್ಲ, ಬೆಳೆದದ್ದು ನೆರೆದೇಶಕ್ಕೆ ರಫ್ತಾಗುತ್ತದೆ. ಚೆನ್ನಾಗಿ ಯೋಚಿಸಿದ ವಿವರ. ನಿಮ್ಮ ಊರಿನ 27 ಜನರಿಗೂ ಹೆಸರಿಡಿ. ಅವರಲ್ಲಿ ಯಾರು ಮೇಸ್ತ್ರಿಯಾದರು, ಯಾರು ಗುಳೆ ಹೋದರು, ಯಾರು ಮಾಂತ್ರಿಕನ ಗುಡಿಸಲಿಗೆ ಬೆಂಕಿ ಇಟ್ಟರು ಅಂತ ಬರೆದುಕೊಳ್ಳಿ.

8. ಮೇಜಿಗೆ ತರುವಾಗ

ಆಟ ನಡೆಸುವವರಿಗೆ ನನ್ನ ಸಲಹೆ ಏನೆಂದರೆ, ಈ ವಾದವನ್ನು ಭಾಷಣ ಮಾಡಿ ಹೇಳಬೇಡಿ. ಒಂದು ಗುರುತು ಕೊಡಿ. ಒಂಬತ್ತರಲ್ಲಿ ಒಂದು ಅಸ್ಥಿಪಂಜರದ ಎಡಗಾಲು ಹಿಂದೆಂದೋ ಮುರಿದು ಸೊಟ್ಟಗೆ ಕೂಡಿಕೊಂಡಿದೆ. ಅದು ಬುಟ್ಟಿ ಹೊತ್ತು ದಂಡೆ ಹತ್ತುವಾಗ ಒಂದು ಹೆಜ್ಜೆ ಎಳೆಯುತ್ತದೆ. ಮಜ್ಜಿಗೆ ತಂದ ಹೆಂಗಸು ಆ ನಡಿಗೆ ನೋಡಿ ಚೊಂಬು ಕೆಳಗಿಟ್ಟು "ಅವ್ವಾ" ಅನ್ನುತ್ತಾಳೆ. ಅಸ್ಥಿಪಂಜರ ನಿಲ್ಲುತ್ತದೆ. ಮೇಸ್ತ್ರಿ ನಡಿ ಅನ್ನುತ್ತಾನೆ. ಅದು ನಡೆಯುತ್ತದೆ. ಇಷ್ಟು ತೋರಿಸಿ ಆಟಗಾರರ ಮುಖ ನೋಡಿ. ಅದು ನಿಂತದ್ದು ಯಾಕೆ ಅಂತ ನೀವು ಹೇಳಬೇಡಿ, ಅವರೇ ವಾದ ಮಾಡಲಿ.

ಸತ್ತವರನ್ನು ಬೇರೆ ಥರ ಕಾಣುವ ಜನರನ್ನೂ ಅದೇ ಲೋಕದಲ್ಲಿ ಇಡಿ. ತುಳುನಾಡಿನಲ್ಲಿ ಮದುವೆಗೆ ಮುಂಚೆ ತೀರಿಹೋದ ಮಕ್ಕಳಿಗೆ ವರ್ಷಗಳ ನಂತರ ಸಂಬಂಧ ನೋಡಿ ಪ್ರೇತ ಮದುವೆ ಮಾಡುತ್ತಾರೆ. ಹೋರಾಡಿ ಮಡಿದ ಕೋಟಿ ಚೆನ್ನಯರು ಅಲ್ಲಿ ಗರಡಿಗಳಲ್ಲಿ ದೈವಗಳು, ಕೋಲದಲ್ಲಿ ದೈವ ನುಡಿ ಕೊಡುತ್ತದೆ, ಜನ ವ್ಯಾಜ್ಯ ಹಿಡಿದುಕೊಂಡು ಬಂದು ನ್ಯಾಯ ಕೇಳುತ್ತಾರೆ. ಅಲ್ಲಿ ಸತ್ತವರಿಗೆ ಬಾಯಿ ಇದೆ. ಅಂಥ ಊರಿನಿಂದ ಒಬ್ಬ ವ್ಯಾಪಾರಿ ಈ ಕೆರೆಯ ಊರಿಗೆ ಬಂದರೆ ಅವನಿಗೆ ಏನನ್ನಿಸುತ್ತದೆ? ಅವನ ಗಾಡಿಯಲ್ಲಿ ಇರುವುದು ಉಪ್ಪಿನ ಮೂಟೆ ಅಂತ ಇಟ್ಟುಕೊಳ್ಳಿ.

ಆಟ ಶುರುವಾಗುವ ಮುಂಚೆ ಗೆಳೆಯರನ್ನು ಒಂದು ಮಾತು ಕೇಳಿಬಿಡಿ. ಇತ್ತೀಚೆಗೆ ಮನೆಯಲ್ಲಿ ಯಾರನ್ನಾದರೂ ಕಳೆದುಕೊಂಡವರು ಇದ್ದರೆ ಮೇಲಿನ ದೃಶ್ಯ ಅವತ್ತು ಬೇಡ, ಇನ್ನೊಂದು ಸಲ ಇಟ್ಟುಕೊಳ್ಳಿ. ಉಳಿದಂತೆ ನಿಮ್ಮ ಹಾಳೆಯಲ್ಲಿ ಇಷ್ಟು ಇರಲಿ: ಒಂಬತ್ತು ಜನರ ಹೆಸರು, ಅವರು ಸತ್ತ ಬಗೆ, ಅವರ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡವರು ಯಾರು, ಮಾಂತ್ರಿಕ ದಿನಾ ಯಾವ ಹೊತ್ತಿಗೆ ಮಂತ್ರ ಹಾಕುತ್ತಾನೆ, ಆ ಹೊತ್ತು ತಪ್ಪಿದರೆ ಯಾವ ಅಸ್ಥಿಪಂಜರ ಮೊದಲು ಕೈಯಲ್ಲಿದ್ದ ಗುದ್ದಲಿ ಕೆಳಗಿಡುತ್ತದೆ.